ಗರಗಸನ ಕಾಲು ವಾಸಿ ಮಾಡಿದ ಯಂತ್ರದ ಮೇಲೊಂದು ದೂರು

ಗೆ,
ಮಾನ್ಯ ಕೋಲ್ಡ್ ಪ್ಲಾಸ್ಮಾ ಯಂತ್ರದವರ ಸನ್ನಿಧಿಗೆ,
ಎರಡನೆಯ ಕೊಠಡಿ, ಕಿಟಕಿ ಪಕ್ಕದ ಗಾಲಿಮೇಜು,
ಪ್ರಾಣಿಗಳ ಆಸ್ಪತ್ರೆ.

ವಿಷಯ: ನಮ್ಮ ನಾಯಿಯ ಗಾಯವನ್ನು ತಾವು ಯಾರನ್ನೂ ಕೇಳದೆ ಪೂರ್ತಿ ವಾಸಿ ಮಾಡಿಬಿಟ್ಟಿರುವ ಬಗ್ಗೆ, ಹಾಗೂ ನಾಳೆ ತಮ್ಮ ಮುಂದೆ ಹಾಜರಾಗಲಿರುವ ಎರಡು ಬ್ಯಾಂಡೇಜುಗಳಲ್ಲಿ ನನ್ನ ಕೈವಾಡ ಇಲ್ಲದಿರುವ ಬಗ್ಗೆ.

ಮಾನ್ಯರೇ,

ಅನಂತ ವಂದನೆಗಳು. ತಮ್ಮೊಳಗಿನ ಪುಟ್ಟ ಫ್ಯಾನು ಸುಗಮವಾಗಿ ತಿರುಗುತ್ತಿದೆಯೆಂದೂ, ತಮ್ಮ ವೈರು ಯಾರ ಕಾಲಿಗೂ ತೊಡರದೆ ಗೋಡೆಯ ಬದಿಗೆ ನೆಮ್ಮದಿಯಾಗಿ ಮಲಗಿದೆಯೆಂದೂ, ಬೆಚ್ಚಗಿರಬಹುದೆಂಬ ಆಸೆಯಿಂದ ಆಗಾಗ ತಮ್ಮ ತಲೆಯ ಮೇಲೆ ಬಂದು ಕೂರುವ ಆಸ್ಪತ್ರೆಯ ಬೆಕ್ಕು ಆ ಅಭ್ಯಾಸವನ್ನು ಈಗ ಬಿಟ್ಟಿದೆಯೆಂದೂ ನಂಬಿ, ಇತ್ತ ನಾವೆಲ್ಲ ಕ್ಷೇಮ ಎಂದು ಬರೆಯಲು ಹೊರಟವಳು ಪೆನ್ನು ಹಿಡಿದು ಹಾಗೇ ಕೂತಿದ್ದೇನೆ. ನಾವು ಕ್ಷೇಮವಲ್ಲ. ನಮ್ಮ ನಾಯಿ ಕ್ಷೇಮ. ಅದೇ ನನ್ನ ದೂರು.

ಇದು ಬಹಿರಂಗ ಪತ್ರವಾದ್ದರಿಂದ, ತಮ್ಮ ದರ್ಶನದ ಭಾಗ್ಯ ಇನ್ನೂ ಸಿಗದ ಓದುಗರಿಗಾಗಿ ಮೊದಲು ತಮ್ಮನ್ನು ಪರಿಚಯಿಸುವುದು ನನ್ನ ಕರ್ತವ್ಯ. ತಾವು ನೋಡಲು ಹಳೆಯ ಕಾಲದ ರೇಡಿಯೋದಷ್ಟಿದ್ದೀರಿ. ತಮ್ಮ ಹೊಟ್ಟೆಯಿಂದ ಒಂದು ಕೊಳವೆ ಹೊರಟು ದಪ್ಪ ಪೆನ್ನಿನಂಥ ಮೂತಿಯಲ್ಲಿ ಮುಗಿಯುತ್ತದೆ. ಸ್ವಿಚ್ಚು ಒತ್ತಿದರೆ ಆ ಮೂತಿಯಿಂದ ಬೆಂಕಿಕಡ್ಡಿಯಷ್ಟುದ್ದದ ನೇರಳೆ ಬಣ್ಣದ ಜ್ವಾಲೆ ಸುಂಯ್ ಎಂದು ಹೊರಬರುತ್ತದೆ, ಆದರೆ ಅದು ಸುಡುವುದಿಲ್ಲ; ಪಕ್ಕದಲ್ಲಿ ಯಾರೋ ಉಸಿರು ಬಿಟ್ಟಷ್ಟೇ ಬಿಸಿ. ಗಾಳಿಯಲ್ಲೆಲ್ಲ ಜೆರಾಕ್ಸ್ ಅಂಗಡಿಯ ವಾಸನೆ. ಗ್ಯಾಸಿಗೆ ಕರೆಂಟು ಕೊಟ್ಟು ಕೆರಳಿಸಿದರೆ ಹೀಗಾಗುತ್ತದಂತೆ, ಅದನ್ನು ಗಾಯದ ಮೇಲೆ ಆಡಿಸಿದರೆ ಅಲ್ಲಿ ಬೀಡುಬಿಟ್ಟ ಕ್ರಿಮಿಗಳು ಸಾಯುತ್ತವಂತೆ, ಚರ್ಮಕ್ಕೆ ಮತ್ತೆ ಕೂಡಿಕೊಳ್ಳುವ ಹುಮ್ಮಸ್ಸು ಬರುತ್ತದಂತೆ. ಇದೆಲ್ಲ ಡಾಕ್ಟರಮ್ಮ ಹೇಳಿದ್ದು. ನನಗೆ ಅರ್ಥವಾದದ್ದು ಇಷ್ಟೇ: ತಾವು ಕೆರಳುತ್ತೀರಿ ಆದರೆ ಬಿಸಿಯಾಗುವುದಿಲ್ಲ, ಮುಟ್ಟುವುದಿಲ್ಲ ಆದರೆ ಕೂಡಿಸುತ್ತೀರಿ. ಇಂಥ ಸ್ವಭಾವದವರು ನಮ್ಮ ಮನೆತನದಲ್ಲಿ ಯಾರೂ ಹುಟ್ಟಿಲ್ಲ.

ಇನ್ನು ನಮ್ಮ ಮನೆತನ. ನಮ್ಮಪ್ಪ ಮತ್ತು ದೊಡ್ಡಪ್ಪ ಬಡಗಿಗಳು. ಇಬ್ಬರದೂ ಒಂದೇ ಶೆಡ್ಡು, ಒಂದೇ ಬೋರ್ಡು, ಒಂದೇ ವ್ಯಾನು. ಶೆಡ್ಡಿನ ನಡುವೆ ಮಾತ್ರ ಸೀಮೆಸುಣ್ಣದ ಗೆರೆಯಿದೆ. ಗೆರೆಯ ಎಡಕ್ಕೆ ದೊಡ್ಡಪ್ಪನ ಕಟ್ಟೆ, ಕಿವಿಯ ಮೇಲೆ ಕೆಂಪು ಪೆನ್ಸಿಲ್. ಬಲಕ್ಕೆ ಅಪ್ಪನ ಕಟ್ಟೆ, ಕಿವಿಯ ಮೇಲೆ ನೀಲಿ ಪೆನ್ಸಿಲ್. ಗೆರೆಯ ಮೇಲೆಯೇ ಒಂದು ಕಾಲು ಅತ್ತ ಒಂದು ಕಾಲು ಇತ್ತ ಹಾಕಿ ಉಪ್ಪುಕಾಗದ ಉಜ್ಜುತ್ತ ಕೂತವಳು ನಾನು, ಪಾಲಿಶ್ ವಿಭಾಗದ ಏಕೈಕ ಸಿಬ್ಬಂದಿ. ಮೂರು ವರ್ಷದ ಹಿಂದೆ ದೊಡ್ಡಪ್ಪ ಒಂದು ಬಾಗಿಲಿಗೆ ಅಳತೆ ತಂದರು, ಅಪ್ಪ ಆ ಅಳತೆಗೆ ಕೊಯ್ದರು, ಬಾಗಿಲು ಅರ್ಧ ಅಂಗುಲ ಗಿಡ್ಡ ಬಂತು. ನೀನು ತಪ್ಪು ಅಳೆದೆ ಎಂದು ಇವರು, ನೀನು ತಪ್ಪು ಕೊಯ್ದೆ ಎಂದು ಅವರು. ಆ ಬಾಗಿಲು ಇವತ್ತಿಗೂ ಶೆಡ್ಡಿನ ಗೋಡೆಗೆ ಒರಗಿ ನಿಂತಿದೆ, ಯಾರ ಮನೆಗೂ ಹೋಗಲಾರದೆ, ಸಾಕ್ಷಿ ಹೇಳಲು ಬಂದು ಹೆಸರು ಕೂಗುವುದನ್ನೇ ಕಾಯುತ್ತಿರುವವರ ಹಾಗೆ. ಅಂದಿನಿಂದ ಅಣ್ಣತಮ್ಮಂದಿರಿಗೆ ಮಾತಿಲ್ಲ.

ಮಾತಿಲ್ಲವೆಂದರೆ ಒಬ್ಬರಿಗೊಬ್ಬರು ಮಾತಿಲ್ಲ; ನಾಯಿಯೊಂದಿಗೆ ಇಬ್ಬರಿಗೂ ಧಾರಾಳ ಮಾತು. ಗೊರಕೆ ಹೊಡೆದರೆ ತೇಗದ ಹಲಗೆ ಕೊಯ್ದಂತೆ ಕೇಳುವುದರಿಂದ ಅವನಿಗೆ ಗರಗಸ ಎಂದು ಹೆಸರು. ಗೆರೆ ದಾಟುವ ಹಕ್ಕು ಇದ್ದದ್ದು ಅವನಿಗೊಬ್ಬನಿಗೇ ಆದ್ದರಿಂದ ಶೆಡ್ಡಿನ ಅಂಚೆ ಇಲಾಖೆ ಪೂರ್ತಿ ಅವನ ತಲೆಗೆ ಬಂತು. ದೊಡ್ಡಪ್ಪ ಎರಡಡಿ ದೂರದಲ್ಲಿರುವ ತಮ್ಮನ ಕಡೆ ನೋಡದೆ, "ಗರಗಸಾ, ಆ ಕಡೆಯವರಿಗೆ ಹೇಳು, ಅಂಟಿನ ಡಬ್ಬಿಗೆ ಮುಚ್ಚಳ ಅಂತ ಒಂದಿರತ್ತೆ" ಎನ್ನುವರು. ಅಪ್ಪ ತಲೆಯೆತ್ತದೆ, "ಗರಗಸಾ, ಮುಚ್ಚಳ ತಗೊಂಡ್ ಹೋದವ್ರು ಯಾರು ಅಂತ ಕೇಳ್ಕೊಂಡ್ ಬಾ" ಎನ್ನುವರು. ನಾಯಿ ಎದ್ದು ನಾಲ್ಕು ಹೆಜ್ಜೆ ಅತ್ತ ಹೋಗಿ, ನಾಲ್ಕು ಹೆಜ್ಜೆ ಇತ್ತ ಬಂದು, ನಡುವೆ ಕೂತು ನಿಟ್ಟುಸಿರು ಬಿಡುವನು. ನಮ್ಮಮ್ಮ ಒಮ್ಮೆ ಟೀ ತಂದವಳು ಇದನ್ನೆಲ್ಲ ನಿಂತು ನೋಡಿ, "ನಾಯಿ ಹತ್ರ ಎಷ್ಟು ಮರ್ಯಾದೆಯಾಗಿ ಮಾತಾಡ್ತಾರೆ ನೋಡು, ನನ್ನ ಹತ್ರ ಒಂದಿನ ಹಿಂಗೆ ಮಾತಾಡಿದ್ರೆ ನಾನೂ ಬಾಲ ಅಲ್ಲಾಡಿಸ್ತಿದ್ದೆ" ಎಂದು ಲೋಟ ಇಟ್ಟು ಹೋದಳು.

ಹೀಗೆ ಎರಡು ವರ್ಷ ಅಂಚೆ ಹೊತ್ತ ಮೇಲೆ ಗರಗಸ ತನ್ನ ಮುಂಗಾಲನ್ನು ನೆಕ್ಕಲು ಶುರುಮಾಡಿದ. ಮೊದಲು ಕೂದಲು ಹೋಯಿತು, ಆಮೇಲೆ ಚರ್ಮ, ಆಮೇಲೆ ಕೆಂಪಗೆ ಉಬ್ಬಿದ ದೊಡ್ಡ ಗಾಯ. ಮುಲಾಮು ಹಚ್ಚಿದರೆ ಅದನ್ನೂ ನೆಕ್ಕಿದ, ಮುಖದಲ್ಲಿ ರುಚಿ ಹಿಡಿಸಿದ ಲಕ್ಷಣ. ಬ್ಯಾಂಡೇಜು ಕಟ್ಟಿದರೆ ತಿಂದ. ಕುತ್ತಿಗೆಗೆ ಪ್ಲಾಸ್ಟಿಕ್ಕಿನ ಅಗಲ ಕಾಲರ್ ಹಾಕಿದರೆ ಅದರಲ್ಲಿ ಮರದ ಹೊಟ್ಟು ತುಂಬಿಕೊಂಡು ಬಂದು ನನ್ನ ಹಸಿ ಪಾಲಿಶ್ ಮೇಲೆ ಸುರಿದ. ಮಾತ್ರೆಗಳನ್ನು ಬಾಯಿಯ ಯಾವುದೋ ಮೂಲೆಯಲ್ಲಿ ಅಡಗಿಸಿಟ್ಟುಕೊಂಡು ಶೆಡ್ಡಿನ ಹೊರಗೆ ಹೋಗಿ ಉಗಿದ. ಹತ್ತು ತಿಂಗಳಾಯಿತು. ಡಾಕ್ಟರಮ್ಮ ಎಕ್ಸ್‌ರೇ ಹಾಳೆಯನ್ನು ಬೆಳಕಿಗೆ ಹಿಡಿದು, ಇನ್ನೂ ಆಳಕ್ಕೆ ಹೋದರೆ ಮೂಳೆಗೆ ತಗಲುತ್ತದೆ, ಆಮೇಲೆ ಗಾಯದ ಬಗ್ಗೆ ಅಲ್ಲ ಕಾಲಿನ ಬಗ್ಗೆಯೇ ಮಾತಾಡಬೇಕಾಗುತ್ತದೆ ಎಂದಾಗ ನಾನು ಕೂಡ ತಮಾಷೆ ನಿಲ್ಲಿಸಿದೆ. ಮುಕ್ಕಾಲು ಗಂಟೆ ನಿಲ್ಲಿಸಿದ್ದೆ, ಅದು ನನ್ನ ದಾಖಲೆ.

ಆಗ ಡಾಕ್ಟರಮ್ಮ ಒಂದು ಪ್ರಶ್ನೆ ಕೇಳಿದರು. ನಾಯಿಗಳು ಹೀಗೆ ಒಂದೇ ಜಾಗ ನೆಕ್ಕುವುದು ಕೆಲವೊಮ್ಮೆ ಬೇಸರಕ್ಕೆ, ಕೆಲವೊಮ್ಮೆ ಮನಸ್ಸಿನ ಒತ್ತಡಕ್ಕೆ, "ಅದಕ್ಕೇ ಕೇಳ್ತಿದೀನಿ, ಇದು ಇರೋ ಜಾಗದಲ್ಲಿ ಏನಾದ್ರೂ ಟೆನ್ಷನ್ ಇದ್ಯಾ?" ಎಂದು. ಅಪ್ಪ ನಾಯಿಯ ಮುಖ ನೋಡಿದರು. ದೊಡ್ಡಪ್ಪನೂ ನಾಯಿಯ ಮುಖ ನೋಡಿದರು. ಇಬ್ಬರೂ ಅವನೇ ಉತ್ತರ ಹೇಳುತ್ತಾನೆಂದು ಗಂಭೀರವಾಗಿ ಕಾದರು. ಡಾಕ್ಟರಮ್ಮ ನನ್ನ ಕಡೆ ತಿರುಗಿದರು. ನಾನು ಚಾವಣಿಯ ಫ್ಯಾನಿನ ಕಡೆ ತಿರುಗಿದೆ. ಅವರು ಏನೋ ಬರೆದುಕೊಂಡು, "ಸರಿ, ವಾರಕ್ಕೊಂದು ಸಲ, ಮಂಗಳವಾರ, ನಾಲ್ಕು ನಿಮಿಷ, ಹೊಸ ಮಷೀನಿನ ಚಿಕಿತ್ಸೆ. ಇಬ್ರೂ ಬರ್ಬೇಕು. ಒಬ್ರು ತಲೆ, ಒಬ್ರು ಕಾಲು. ಇದು ನಿಮ್ಮಿಬ್ರ ಕೈಯಲ್ಲಿ ಮಾತ್ರ ಅಲ್ಲಾಡದೆ ಇರತ್ತೆ" ಎಂದು ತೀರ್ಪು ಕೊಟ್ಟರು.

ಮಾನ್ಯರೇ, ತಮ್ಮ ಅಪರಾಧ ಇಲ್ಲಿಂದ ಆರಂಭ.

ಮೊದಲ ಮಂಗಳವಾರ ಎಲ್ಲರೂ ತಮ್ಮ ಕಣ್ಣು ಕುಕ್ಕುವ ಬೆಳಕಿಗೆ ಹೆದರಿ ಕಿತ್ತಳೆ ಬಣ್ಣದ ಕನ್ನಡಕ ಹಾಕಿದೆವು. ನಾಯಿಗೂ ಒಂದು ಹಾಕಿದರು, ನಮ್ಮೆಲ್ಲರಿಗಿಂತ ಅವನಿಗೇ ಒಪ್ಪಿತು. ದೊಡ್ಡಪ್ಪ ತಲೆ ಹಿಡಿದರು, ಅಪ್ಪ ಕಾಲು ಹಿಡಿದರು, ತಾವು ಸುಂಯ್ ಎಂದಿರಿ, ಗರಗಸ ಒಮ್ಮೆ ಮೈ ಕೊಡವಿದ. ಅಪ್ಪ ವಾಡಿಕೆಯಂತೆ, "ಗರಗಸಾ, ಅವರಿಗೆ ಹೇಳು" ಎಂದು ಬಾಯಿ ತೆಗೆದು, ಅಲ್ಲೇ ನಿಲ್ಲಿಸಿದರು. ಅಂಚೆಯವನು ಚಿಕಿತ್ಸೆಯಲ್ಲಿದ್ದಾನೆ, ರಜೆ. ಕಾಗದ ಒಯ್ಯುವವರಿಲ್ಲ. ನಾಯಿಯ ತಲೆ ಮತ್ತೊಮ್ಮೆ ಅಲುಗಿತು. ಬೇರೆ ದಾರಿಯಿಲ್ಲದೆ ಅಪ್ಪ ಗೋಡೆಯ ಕಡೆ ನೋಡಿಕೊಂಡು, "ಅಣ್ಣ, ತಲೆ ಸ್ವಲ್ಪ ಬಿಗಿ ಹಿಡ್ಕೊ" ಎಂದರು.

ಮೂರು ವರ್ಷದಲ್ಲಿ ಆ ಪದ ನಮ್ಮ ಶೆಡ್ಡಿನಲ್ಲಿ ಯಾರ ಬಾಯಿಂದಲೂ ಬಂದಿರಲಿಲ್ಲ. ದೊಡ್ಡಪ್ಪ, "ಹಿಡ್ದಿದೀನಿ ಕಣೋ, ನೀನು ನಿನ್ನ ಕಾಲು ನೋಡ್ಕೊ" ಎಂದರು. ಅವರ ಕಿತ್ತಳೆ ಕನ್ನಡಕದ ಹಿಂದೆ ಏನು ನಡೆಯಿತೆಂದು ಕಾಣಲಿಲ್ಲ. ನಾಲ್ಕು ನಿಮಿಷ ಮುಗಿದು ತಾವು ಟಿಂಗ್ ಎಂದಾಗ ಇಬ್ಬರೂ ನಾಯಿಯನ್ನು ಬಿಡುವುದನ್ನೇ ಮರೆತಿದ್ದರು.

ಎರಡನೆಯ ಮಂಗಳವಾರ ವಿಷಯ ಅಂಟಿನ ಡಬ್ಬಿಯ ಮುಚ್ಚಳಕ್ಕೆ ಬಂತು. ಮೂರನೆಯದರಲ್ಲಿ ವ್ಯಾನಿನ ಬ್ರೇಕು. ನಾಲ್ಕನೆಯದರಲ್ಲಿ ದೊಡ್ಡಪ್ಪನಿಗೆ ಮೊಣಕಾಲು ನೋವಿರುವುದು ಅಪ್ಪನಿಗೆ ಗೊತ್ತಾಯಿತು, ಅಪ್ಪನಿಗೆ ಓದಲು ಕನ್ನಡಕ ಬೇಕಾಗಿರುವುದು ದೊಡ್ಡಪ್ಪನಿಗೆ ಗೊತ್ತಾಯಿತು. ಇಬ್ಬರಿಗೂ ಇದು ಎರಡಡಿ ದೂರದಲ್ಲೇ ನಡೆಯುತ್ತಿದ್ದ ಸಂಗತಿ. ಎಲ್ಲ ಮಾತೂ ನಾಲ್ಕು ನಿಮಿಷದೊಳಗೇ. ತಮ್ಮ ಟಿಂಗ್ ಆದೊಡನೆ ಇಬ್ಬರೂ ಬಾಯಿಗೆ ಬೀಗ ಹಾಕಿಕೊಂಡು, ನಾಯಿಯನ್ನು ನಡುವೆ ಕೂರಿಸಿಕೊಂಡು ವ್ಯಾನಿನಲ್ಲಿ ತೆಪ್ಪಗೆ ಹಿಂತಿರುಗುತ್ತಿದ್ದರು. ಒಮ್ಮೆ ಅಪ್ಪ ಹೇಳುತ್ತಿದ್ದ ಕತೆ ಅರ್ಧಕ್ಕೆ ನಿಂತು, ಮುಂದಿನ ವಾರ ತಮ್ಮ ಸ್ವಿಚ್ಚು ಒತ್ತಿದ ಕ್ಷಣ, "ಆಮೇಲೆ ಅವನು ಏಣಿ ಇಳಿಯಕ್ಕೇ ಒಪ್ಲಿಲ್ಲ ನೋಡು" ಎಂದು ಬಿಟ್ಟ ಕಡೆಯಿಂದಲೇ ಶುರುವಾಯಿತು. ದೊಡ್ಡಪ್ಪ ವಾರವಿಡೀ ಆ ಏಣಿಯ ಕೆಳಗೆ ಕಾದವರ ಹಾಗೆ ನಕ್ಕರು.

ಐದನೆಯ ಮಂಗಳವಾರಕ್ಕೆ ಬರುತ್ತೇನೆ. ತಮ್ಮ ಮೂತಿ ಗಾಯದಿಂದ ಅರ್ಧ ಅಂಗುಲ ದೂರದಲ್ಲಿರಬೇಕು, ಹತ್ತಿರವೂ ಆಗಬಾರದು, ದೂರವೂ ಆಗಬಾರದು ಎಂದು ಡಾಕ್ಟರಮ್ಮ ಮೊದಲ ದಿನವೇ ಹೇಳಿದ್ದರು. ಅರ್ಧ ಅಂಗುಲ ಎಂಬ ಪದ ಕೇಳಿದ್ದೇ ಇಬ್ಬರು ಬಡಗಿಗಳ ಮುಖವೂ ಕೆಂಪಾಗಿತ್ತು. ಡಾಕ್ಟರಮ್ಮನ ಕೈ ಆಗಾಗ ಏರಿಳಿಯುವುದನ್ನು ನಾಲ್ಕು ವಾರ ನೋಡಿ ತಾಳಲಾರದೆ, ಅಪ್ಪ ಗುಟ್ಟಾಗಿ ಒಂದು ಮರದ ತುಂಡು ಕೊಯ್ದು ಉಜ್ಜಿ, ಇದನ್ನು ಪಕ್ಕಕ್ಕಿಟ್ಟು ನೋಡಿಕೊಂಡರೆ ಅಂತರ ತಪ್ಪುವುದಿಲ್ಲವೆಂದು ಜೇಬಿನಲ್ಲಿಟ್ಟುಕೊಂಡು ಬಂದರು. ದೊಡ್ಡಪ್ಪನೂ ಗುಟ್ಟಾಗಿ ಒಂದು ತುಂಡು ಮಾಡಿ ಜೇಬಿನಲ್ಲಿಟ್ಟುಕೊಂಡು ಬಂದಿದ್ದರು. ಎರಡನ್ನೂ ಮೇಜಿನ ಮೇಲೆ ಅಕ್ಕಪಕ್ಕ ಇಟ್ಟರು. ಅಣ್ಣನ ಅರ್ಧ ಅಂಗುಲ ತಮ್ಮನ ಅರ್ಧ ಅಂಗುಲದ ಮೂರರಷ್ಟು ದಪ್ಪವಿತ್ತು.

ಕೊಠಡಿಯಲ್ಲಿ ಬೆಕ್ಕು ಕೂಡ ಉಸಿರು ಬಿಗಿಹಿಡಿಯಿತು. ಡಾಕ್ಟರಮ್ಮ ಏನೂ ಗೊತ್ತಿಲ್ಲದವರಂತೆ ಡ್ರಾಯರಿನಿಂದ ಸ್ಟೀಲಿನ ಸ್ಕೇಲು ತೆಗೆದು ಅಳೆದು, "ಇದು ಮುಕ್ಕಾಲು. ಇದು ಕಾಲು. ಅರ್ಧ ಯಾರ ಹತ್ರನೂ ಇಲ್ಲ" ಎಂದರು. ಆಮೇಲೆ ಇಬ್ಬರ ಅಳತೆ ಟೇಪುಗಳೂ ಮೇಜಿನ ಮೇಲೆ ಬಂದವು. ದೊಡ್ಡಪ್ಪನ ಟೇಪಿನ ತುದಿಯ ಕೊಕ್ಕೆ ಬಾಗಿ ಅಳತೆ ಕಾಲಂಗುಲ ಕಮ್ಮಿ ತೋರಿಸುತ್ತಿತ್ತು. ಅಪ್ಪನ ಟೇಪಿನ ಕೊಕ್ಕೆ ಇನ್ನೊಂದು ಕಡೆಗೆ ಬಾಗಿ ಕಾಲಂಗುಲ ಜಾಸ್ತಿ ತೋರಿಸುತ್ತಿತ್ತು. ತಂತಮ್ಮ ಟೇಪಿನಲ್ಲಿ ಅಳೆದು ತಂತಮ್ಮ ಟೇಪಿನಲ್ಲೇ ಕೊಯ್ದಾಗ ಇಬ್ಬರ ಕೆಲಸವೂ ನೆಟ್ಟಗಿರುತ್ತಿತ್ತು. ಅಣ್ಣ ಅಳೆದದ್ದನ್ನು ತಮ್ಮ ಕೊಯ್ದರೆ ಮಾತ್ರ ಅರ್ಧ ಅಂಗುಲ ಗಿಡ್ಡ. ಅಂದರೆ ಆ ಬಾಗಿಲಿನಲ್ಲಿ ಕಾಲಂಗುಲ ಅಣ್ಣನದು, ಕಾಲಂಗುಲ ತಮ್ಮನದು, ಸರಿಸಮ ಪಾಲು, ಯಾವ ವಕೀಲನೂ ಇಷ್ಟು ನಾಜೂಕಾಗಿ ಹಂಚಲಾರ.

ಇಷ್ಟಾದ ಮೇಲೆ ಇಬ್ಬರೂ ತಬ್ಬಿಕೊಂಡು ಅಳುತ್ತಾರೆಂದು ತಾವು ನಿರೀಕ್ಷಿಸಿದ್ದರೆ ತಮಗೆ ಬಡಗಿಗಳ ಪರಿಚಯ ಸಾಲದು. ಇಬ್ಬರಿಗೂ ಎಂಥ ಮುಜುಗರವಾಯಿತೆಂದರೆ ಅವತ್ತಿನ ನಾಲ್ಕು ನಿಮಿಷ ನಾಯಿಯ ಗೊರಕೆ ಬಿಟ್ಟು ಬೇರೇನೂ ಕೇಳಲಿಲ್ಲ. ಜಗಳ ತಪ್ಪು ಎಂದು ಗೊತ್ತಾಗುವುದು ಬೇರೆ, ಮೂರು ವರ್ಷ ತಪ್ಪು ಎಂದು ಗೊತ್ತಾಗುವುದು ಬೇರೆ. ಆದರೂ ಡಾಕ್ಟರಮ್ಮನ ಸ್ಕೇಲಿನಿಂದ ಗುರುತು ಹಾಕಿಸಿಕೊಂಡು, ಮರುದಿನ ಒಂದೇ ಕಟ್ಟೆಯ ಮೇಲೆ, ಒಬ್ಬರು ಹಿಡಿದು ಒಬ್ಬರು ಕೊಯ್ದು, ಸರಿಯಾದ ಅರ್ಧ ಅಂಗುಲದ ತುಂಡು ಮಾಡಿದರು. ತಮ್ಮ ಮೇಜಿನ ಮೇಲೆ ಸ್ಪಿರಿಟ್ಟಿನಲ್ಲಿ ಒರೆಸಿ ಇಟ್ಟಿರುವ ಮರದ ತುಂಡು ಅದೇ. ಅದಕ್ಕೆ ಪಾಲಿಶ್ ಹೊಡೆದವಳು ನಾನು. ಮೂರು ವರ್ಷದಲ್ಲಿ ಆ ಶೆಡ್ಡಿನಿಂದ ಇಬ್ಬರೂ ಸೇರಿ ಮಾಡಿ ಹೊರಬಂದ ಏಕೈಕ ಸಾಮಾನು, ಹೆಬ್ಬೆರಳಿನಷ್ಟಿದೆ, ದಯವಿಟ್ಟು ಕಳೆಯಬೇಡಿ.

ಹೀಗೆ ಎಲ್ಲ ಒಂದು ಹದಕ್ಕೆ ಬರುತ್ತಿರುವಾಗ, ಮಾನ್ಯರೇ, ತಾವು ಏನು ಮಾಡಿದಿರಿ? ಏಳನೆಯ ಮಂಗಳವಾರ ಗಾಯ ಮುಚ್ಚಿಬಿಟ್ಟಿರಿ. ಹತ್ತು ತಿಂಗಳು ಮಾತ್ರೆ, ಮುಲಾಮು, ಕಾಲರ್ ಯಾವುದಕ್ಕೂ ಜಗ್ಗದ ಗಾಯವನ್ನು ಏಳು ವಾರದಲ್ಲಿ, ಒಟ್ಟು ಇಪ್ಪತ್ತೆಂಟು ನಿಮಿಷದಲ್ಲಿ ವಾಸಿ ಮಾಡುವ ಅವಸರ ತಮಗೇನಿತ್ತು? ಎಳೆಗುಲಾಬಿ ಚರ್ಮ, ಅದರ ಮೇಲೆ ಮೊಳೆತ ಕೂದಲು. ಡಾಕ್ಟರಮ್ಮ ಕಾಲು ಎತ್ತಿ ನೋಡಿ, "ಮುಗೀತು, ಇನ್ನು ಬರೋದು ಬೇಡ" ಎಂದು ನಕ್ಕರು. ಅಪ್ಪ ನಗಲಿಲ್ಲ. ದೊಡ್ಡಪ್ಪ, "ಇನ್ನೊಂದೆರಡು ಸಲ ಬಂದ್ರೆ ಒಳ್ಳೇದಲ್ವಾ, ಗಟ್ಟಿ ಆಗತ್ತೆ" ಎಂದು ಕೇಳಿದರು. ಡಾಕ್ಟರಮ್ಮ ಅದನ್ನು ನಾಯಿಯ ಮೇಲಿನ ಅಕ್ಕರೆಯೆಂದುಕೊಂಡು ಅವರ ಬೆನ್ನು ತಟ್ಟಿದರು.

ಆಮೇಲಿನ ಶೆಡ್ಡಿನ ಸ್ಥಿತಿಯನ್ನು ತಾವು ಕಣ್ಣಾರೆ ನೋಡಬೇಕಿತ್ತು, ಆದರೆ ತಮಗೆ ಕಣ್ಣಿಲ್ಲ, ವೈರೂ ಗಿಡ್ಡ. ಮೊದಲಾದರೆ ನಾಯಿಯ ಮೂಲಕವಾದರೂ ಮಾತಿತ್ತು. ಒಮ್ಮೆ ಬಾಯಿಬಿಟ್ಟು ಅಣ್ಣ ಎಂದ ಮೇಲೆ ನಾಯಿಯ ಮೂಲಕ ಹೇಳಿಸಲು ನಾಚಿಕೆ. ನೇರವಾಗಿ ಹೇಳಲು ನಾಲ್ಕು ನಿಮಿಷವಿಲ್ಲ, ಕಿತ್ತಳೆ ಕನ್ನಡಕವಿಲ್ಲ, ಹಿಡಿದುಕೊಳ್ಳಲು ಕಾಲಿಲ್ಲ. ಶೆಡ್ಡಿನಲ್ಲಿ ಮರ ಕೀಸುವ ಹತ್ತರಿಯ ಸದ್ದು, ಗರಗಸದ ಸದ್ದು, ಗರಗಸನ ಗೊರಕೆಯ ಸದ್ದು, ಮತ್ತೇನೂ ಇಲ್ಲ. ಇದಕ್ಕೆ ಕಲಶವಿಟ್ಟಂತೆ ಗೆರೆಯ ಪಕ್ಕದಲ್ಲಿ ಆರು ಪ್ಲೈವುಡ್ ಹಾಳೆಗಳು ಒರಗಿ ನಿಂತಿವೆ. ತಮ್ಮ ಚಿಕಿತ್ಸೆ ಶುರುವಾಗುವ ಮೊದಲೇ, ಶೆಡ್ಡನ್ನು ಎರಡು ಭಾಗ ಮಾಡಿ ನಡುವೆ ಗೋಡೆ ಎಬ್ಬಿಸುವುದೆಂದು ಇಬ್ಬರೂ ನಾಯಿಯ ಮುಖಾಂತರ ಒಪ್ಪಂದ ಮಾಡಿಕೊಂಡಿದ್ದರು. ಹಾಳೆಗಳು ತಡವಾಗಿ ಹೋದ ವಾರ ಬಂದವು, ಗೋಡೆ ಈ ಬುಧವಾರ. ಈಗ ಆ ಗೋಡೆ ಇಬ್ಬರಿಗೂ ಬೇಡ, ಅದು ಅವರು ಹಾಳೆಗಳ ಕಡೆ ಬೆನ್ನು ಹಾಕಿ ಕೆಲಸ ಮಾಡುವ ರೀತಿಯಲ್ಲೇ ಗೊತ್ತಾಗುತ್ತದೆ. ಆದರೆ ಬೇಡ ಎಂದು ಮೊದಲು ಹೇಳುವವರು ಯಾರು? ಗೋಡೆ ಎದ್ದರೆ ಗರಗಸ ಯಾವ ಕಡೆ ಇರಬೇಕು ಎಂದು ಕೂಡ ಯಾರೂ ಕೇಳಿಲ್ಲ. ನಾನು ಯಾವ ಕಡೆ ಕೂರಬೇಕು ಎಂದಂತೂ ಕೇಳಿಯೇ ಇಲ್ಲ. ನನ್ನ ಸ್ಟೂಲು ಇರುವ ಜಾಗದಲ್ಲೇ ಗೋಡೆ ಬರುವುದು.

ಈ ಪರಿಸ್ಥಿತಿಯಲ್ಲಿ ಹೋದ ಮಂಗಳವಾರ ನಾನು ಮಾಡಿದ್ದನ್ನು ಬಹಿರಂಗವಾಗಿ ಒಪ್ಪಿಕೊಳ್ಳುತ್ತೇನೆ. ಬೆಳಿಗ್ಗೆ ಎಲ್ಲರಿಗಿಂತ ಮೊದಲು ಶೆಡ್ಡಿಗೆ ಬಂದು, ಗರಗಸನ ವಾಸಿಯಾಗಿದ್ದ ಕಾಲಿಗೆ ಅಚ್ಚುಕಟ್ಟಾಗಿ ಬ್ಯಾಂಡೇಜು ಸುತ್ತಿ, ಅವನು ತಿನ್ನದ ಹಾಗೆ ಎರಡು ಬಿಸ್ಕತ್ತು ಲಂಚ ಕೊಟ್ಟು, ಮುಖವನ್ನು ಆದಷ್ಟು ದುಃಖದಲ್ಲಿ ಇಟ್ಟುಕೊಂಡೆ. ಅರ್ಧ ಗಂಟೆಯಲ್ಲಿ ವ್ಯಾನು ಹೊರಟಿತು. ಡಾಕ್ಟರಮ್ಮ ಬ್ಯಾಂಡೇಜು ಬಿಚ್ಚಿ, ಕಾಲು ನೋಡಿ, ಕನ್ನಡಕದ ಮೇಲಿಂದ ನನ್ನನ್ನು ನೋಡಿ, ಅಪ್ಪ ದೊಡ್ಡಪ್ಪ ಇಬ್ಬರೂ ಆಗಲೇ ತಮ್ಮ ತಮ್ಮ ಜಾಗದಲ್ಲಿ ತಲೆ ಕಾಲು ಹಿಡಿದು ಸಿದ್ಧರಾಗಿದ್ದನ್ನು ನೋಡಿ, ಒಂದು ಉಸಿರು ಬಿಟ್ಟು, "ಹ್ಞೂಂ. ನಾಲ್ಕು ನಿಮಿಷ ಬೇಕಾಗತ್ತೆ" ಎಂದರು. ಆ ನಾಲ್ಕು ನಿಮಿಷ ತಾವು ಕಾಲಿನಿಂದ ಒಂದು ಗೇಣು ದೂರದಲ್ಲಿ ಬರಿಗಾಳಿಗೆ ಚಿಕಿತ್ಸೆ ಕೊಟ್ಟಿರಿ. ಅಪ್ಪ ಮೊಣಕಾಲಿಗೆ ಯಾವುದೋ ಎಣ್ಣೆ ಹೇಳಿದರು, ದೊಡ್ಡಪ್ಪ ಹಚ್ಚಿ ನೋಡುತ್ತೇನೆಂದರು. ಅರ್ಧ ಅಂಗುಲದ ಲೆಕ್ಕದಲ್ಲಿ ಅಷ್ಟೊಂದು ಕಟ್ಟುನಿಟ್ಟಾದ ಇಬ್ಬರಲ್ಲಿ ಒಬ್ಬರೂ ಆ ಗೇಣನ್ನು ಪ್ರಶ್ನಿಸಲಿಲ್ಲ. ಆಗಲೇ ನನಗೆ ಅನುಮಾನ ಬರಬೇಕಿತ್ತು.

ಹೊರಬಂದ ಮೇಲೆ ಡಾಕ್ಟರಮ್ಮ ನನ್ನನ್ನು ಪಕ್ಕಕ್ಕೆ ಕರೆದು, ಕಿವಿ ಸುಟ್ಟುಕೊಂಡ ಬೆಕ್ಕೊಂದು ಹೊರಗೆ ಬುಟ್ಟಿಯಲ್ಲಿ ಕಾಯುತ್ತಿದೆ, ಅದರ ನಾಲ್ಕು ನಿಮಿಷ ಕಿತ್ತು ನೀನು ಇವರಿಗೆ ಕೊಟ್ಟೆ, "ಇನ್ನೊಂದ್ಸಲ ಈ ಆಟ ಆಡಿದ್ರೆ ನಿನ್ನ ಬಾಯಿಗೇ ಬ್ಯಾಂಡೇಜ್ ಸುತ್ತುತೀನಿ ಕಣಮ್ಮಾ" ಎಂದರು. ಬುಟ್ಟಿಯೊಳಗಿನ ಬೆಕ್ಕು ನನ್ನನ್ನೇ ನೋಡುತ್ತಿತ್ತು. ತಮಾಷೆಯಲ್ಲೂ ನನಗೊಂದು ನಿಯತ್ತಿದೆ. ಇನ್ನು ಮಾಡುವುದಿಲ್ಲವೆಂದು ಆ ಬೆಕ್ಕಿನ ಎದುರು ಮಾತು ಕೊಟ್ಟೆ, ಕೊಟ್ಟ ಮಾತನ್ನು ಆರು ದಿನ ಉಳಿಸಿಕೊಂಡೆ, ಉಳಿಸಿಕೊಂಡೇ ಇದ್ದೇನೆ.

ಹೀಗಿರುವಾಗ ಇವತ್ತು, ಸೋಮವಾರ, ಬೆಳಿಗ್ಗೆ ಶೆಡ್ಡಿನ ಬಾಗಿಲು ತೆಗೆದರೆ ಗರಗಸ ಎರಡು ಮುಂಗಾಲುಗಳಿಗೂ ಬ್ಯಾಂಡೇಜು ಕಟ್ಟಿಸಿಕೊಂಡು, ಕೈಗವಸು ತೊಟ್ಟು ಮದುವೆಗೆ ಹೊರಟವರ ಗತ್ತಿನಲ್ಲಿ ಕೂತಿದ್ದಾನೆ. ನಾನಲ್ಲ. ಮಾನ್ಯರೇ, ನನ್ನ ಜೀವಮಾನದಲ್ಲಿ ಮೊದಲ ಬಾರಿಗೆ ನಾನಲ್ಲ, ಮತ್ತು ಇದನ್ನು ನಂಬುವವರು ಈ ಭೂಮಿಯ ಮೇಲೆ ಯಾರೂ ಇಲ್ಲ ಎಂಬುದು ಹೊಳೆದಾಗಲೇ ಈ ಪತ್ರ ಬರೆಯಲು ಕೂತದ್ದು.

ಆದ್ದರಿಂದ ಸಾಕ್ಷ್ಯಗಳನ್ನು ಒಪ್ಪಿಸುತ್ತೇನೆ. ಎಡಗಾಲಿನ ಬ್ಯಾಂಡೇಜನ್ನು ಉಳಿಯ ಹಿಡಿಗೆ ದಾರ ಸುತ್ತುವ ಹಾಗೆ ಒತ್ತೊತ್ತಾಗಿ ಸುತ್ತಿ, ಎಲ್ಲಿ ಕತ್ತರಿಸಬೇಕೆಂದು ಬಟ್ಟೆಯ ಮೇಲೆ ಕೆಂಪು ಪೆನ್ಸಿಲ್ಲಿನ ಗೆರೆ ಹಾಕಲಾಗಿದೆ. ಬಲಗಾಲಿನದನ್ನು ಓರೆಯಾಗಿ ಸುತ್ತಿ, ತುದಿಗೆ ಮರಕ್ಕೆ ಅಂಟಿಸುವ ಟೇಪು ಹಾಕಿ, ಟೇಪಿನ ಮೇಲೆ ನೀಲಿ ಪೆನ್ಸಿಲ್ಲಿನಲ್ಲಿ ಬಾಣದ ಗುರುತು ಮಾಡಲಾಗಿದೆ, ಕಾಲಿನ ಮೇಲ್ಭಾಗ ಯಾವುದು ಎಂದು ನಾಯಿ ಮರೆತೀತೆಂಬ ಕಾಳಜಿಯಿಂದ. ಎರಡರಲ್ಲೂ ಪಾಲಿಶ್ ವಾಸನೆಯಿಲ್ಲ, ಮರದ ಹೊಟ್ಟು ಮಾತ್ರ ಇದೆ. ಮುಖ್ಯವಾಗಿ, ಮೂಲ ಗಾಯ ಇದ್ದದ್ದು ಬಲಗಾಲಿನಲ್ಲಿ. ಒಬ್ಬರು ಮೊದಲು ಬಂದು ಬಲಗಾಲಿಗೆ ಕಟ್ಟಿ ಹೋದ ಮೇಲೆ, ಇನ್ನೊಬ್ಬರು ಬಂದು ನೋಡಿ, ಖಾಲಿ ಉಳಿದ ಕಾಲಿಗೆ ಕಟ್ಟಿದ್ದಾರೆ. ಅಂದರೆ ಎರಡನೆಯವರಿಗೆ ಮೊದಲನೆಯವರ ಬ್ಯಾಂಡೇಜು ಕಂಡಿದೆ. ಕಂಡೂ ಕಟ್ಟಿದ್ದಾರೆ. ನಾಳೆ ಹೋಗಬೇಕಾದ ಅಗತ್ಯ ಒಂದು ಕಾಲಿಗಿಂತ ದೊಡ್ಡದು ಎಂದು ತಿಳಿಸಲು ಇದಕ್ಕಿಂತ ನೇರವಾದ ಮಾತು ನಮ್ಮ ಮನೆಯಲ್ಲಿ ಯಾರಿಗೂ ಬರುವುದಿಲ್ಲ.

ಬೆಳಿಗ್ಗೆಯಿಂದ ಇಬ್ಬರೂ ಆ ನಾಯಿಯನ್ನು ಇಪ್ಪತ್ತು ಸಲ ದಾಟಿ ಓಡಾಡಿದ್ದಾರೆ. ಟೀ ಹೊತ್ತಿನಲ್ಲಿ ದೊಡ್ಡಪ್ಪ ಕಿಟಕಿ ನೋಡುತ್ತ, "ನಾಳೆ ಕರ್ಕೊಂಡ್ ಹೋಗ್ಬೇಕೇನೋ" ಎಂದರು. ಅಪ್ಪ ಲೋಟ ನೋಡುತ್ತ, "ಹ್ಞೂಂ, ಎರಡೂ ಕಾಲು ಬೇರೆ" ಎಂದರು. ಇಬ್ಬರ ಮುಖದಲ್ಲೂ ನಗುವಿನ ಸುಳಿವಿಲ್ಲ. ಇಷ್ಟು ದಿನ ನನ್ನ ಈ ಕಿತಾಪತಿಯ ಗುಣ ಅಮ್ಮನ ಕಡೆಯಿಂದ ಬಂದದ್ದೆಂದು ತಿಳಿದಿದ್ದೆ.

ಈಗ ತಮ್ಮಲ್ಲಿ ನನ್ನ ವಿನಮ್ರ ಬೇಡಿಕೆಗಳು. ನಾಳೆ ತಾವು ಬೆಳಗಬೇಕು ಆದರೆ ವಾಸಿ ಮಾಡಬಾರದು. ವಾಸಿ ಮಾಡುವುದಕ್ಕೆ ಏನೂ ಇಲ್ಲದಿದ್ದರೂ ತಮ್ಮ ಉತ್ಸಾಹ ನನಗೆ ಗೊತ್ತು. ತಮ್ಮ ಗಡಿಯಾರದ ನಾಲ್ಕು ನಿಮಿಷವನ್ನು ಸ್ವಲ್ಪ ಎಳೆದು, ಒಂದು ಗೋಡೆ ಬೇಡ ಎಂದು ಹೇಳಲು ಇಬ್ಬರು ಬಡಗಿಗಳಿಗೆ ಎಷ್ಟು ಹೊತ್ತು ಬೇಕೋ ಅಷ್ಟಾಗಿಸಬೇಕು. ಆ ಮಾತು ಬಾಯಿಯ ತುದಿಗೆ ಬಂದಿರುವಾಗ ಟಿಂಗ್ ಎನ್ನಬಾರದು. ಕಿವಿ ಸುಟ್ಟ ಬೆಕ್ಕಿನ ಹಕ್ಕಿಗೆ ಚ್ಯುತಿ ಬರದಂತೆ ಎಲ್ಲರಿಗಿಂತ ಕೊನೆಯಲ್ಲಿ ನಮ್ಮನ್ನು ಕರೆಯಲು ಡಾಕ್ಟರಮ್ಮನಿಗೆ ಹೇಳಬೇಕು. ನಾನು ಹೇಳಿದರೆ ಬಾಯಿಗೆ ಬ್ಯಾಂಡೇಜು ಬೀಳುತ್ತದೆ. ಇದಾವುದೂ ಸಾಧ್ಯವಿಲ್ಲವಾದರೆ ತಮ್ಮ ನೇರಳೆ ಜ್ವಾಲೆಯನ್ನು ಗೆರೆಯ ಉದ್ದಕ್ಕೂ ಒಮ್ಮೆ ಆಡಿಸಲು ನಮ್ಮ ಶೆಡ್ಡಿಗೆ ದಯಮಾಡಿಸಬೇಕು. ಪ್ಲಗ್ ಪಾಯಿಂಟು ನನ್ನ ಸ್ಟೂಲಿನ ಹಿಂದೆಯೇ ಇದೆ.

ತಾವು ಮೌನಿಗಳು, ಉತ್ತರ ನಿರೀಕ್ಷಿಸುವುದಿಲ್ಲ. ಮೌನಿಗಳೊಂದಿಗೆ ವ್ಯವಹರಿಸಿ ನನಗೆ ಮೂರು ವರ್ಷದ ಅನುಭವವಿದೆ.

ಇಂತು, ಇದೊಂದು ಬಾರಿ ನಿಜವಾಗಿಯೂ ನಿರಪರಾಧಿಯಾದ
ತಮ್ಮ ವಿಶ್ವಾಸಿ,
ಪಾಲಿಶ್ ವಿಭಾಗ (ಗೆರೆಯ ಮೇಲೆ)

ಪ್ರತಿಗಳು: ಡಾಕ್ಟರಮ್ಮನವರಿಗೆ, ದಯಮಾಡಿ ಸಾಕ್ಷ್ಯಗಳಿರುವ ಭಾಗದಿಂದ ಓದಲು. ಕಿವಿ ಸುಟ್ಟ ಬೆಕ್ಕಿಗೆ, ಕ್ಷಮಾಪಣೆಯೊಂದಿಗೆ. ಗರಗಸನಿಗೆ, ತಿನ್ನಲು.

ತಾ.ಕ.: ಲಕೋಟೆ ಅಂಟಿಸಲು ಅಂಟಿನ ಡಬ್ಬಿ ಹುಡುಕಿಕೊಂಡು ಹೋದಾಗ ಕಂಡದ್ದನ್ನು ಸೇರಿಸದಿದ್ದರೆ ದೂರು ಅಪೂರ್ಣ. ಮೊದಲನೆಯದಾಗಿ, ಡಬ್ಬಿಗೆ ಮುಚ್ಚಳ ಹಾಕಿತ್ತು. ಎರಡನೆಯದಾಗಿ, ಎರಡೂ ಮುಂಗಾಲಿಗೆ ಬ್ಯಾಂಡೇಜು ಕಟ್ಟಿಸಿಕೊಂಡ ನಾಯಿ ವ್ಯಾನಿಗೆ ಹಾರಿ ಹತ್ತಲಾರದಂತೆ. ನಾನು ಪತ್ರ ಬರೆಯುತ್ತಿದ್ದ ಹೊತ್ತಿನಲ್ಲಿ ಅವನು ಹತ್ತಿ ಇಳಿಯಲು ಒಂದು ಇಳಿಜಾರು ಹಲಗೆ ತಯಾರಾಗಿದೆ. ಅದರ ಮೇಲೆ ಕೆಂಪು ಗೆರೆಯೂ ಇದೆ, ನೀಲಿ ಗೆರೆಯೂ ಇದೆ, ಪಕ್ಕದಲ್ಲಿ ಹೊಸದೊಂದು ಸ್ಟೀಲಿನ ಸ್ಕೇಲಿದೆ, ಹಲಗೆ ವ್ಯಾನಿನ ಬಾಗಿಲಿಗೆ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಕೂತಿದೆ. ಗರಗಸ ಅದರ ಮೇಲೆ ಆಗಲೇ ಗೊರಕೆ ಹೊಡೆಯುತ್ತಿದ್ದಾನೆ. ಅದಕ್ಕೆ ಬಳಸಿದ ಪ್ಲೈವುಡ್ಡು ಎಲ್ಲಿಂದ ಬಂತೆಂದು ಎಣಿಸಿ ನೋಡಿದೆ. ಗೋಡೆಗೆಂದು ತಂದ ಆರು ಹಾಳೆಗಳಲ್ಲಿ ಈಗ ಐದೇ ಇವೆ. ಬುಧವಾರದ ಗೋಡೆ ಅರ್ಧ ಅಂಗುಲವಲ್ಲ, ಒಂದು ಹಾಳೆಯ ಅಗಲ, ಪೂರಾ ನಾಲ್ಕಡಿ ಕಮ್ಮಿ ಬೀಳುತ್ತದೆ. ಇದು ಯಾರ ತಪ್ಪು ಎಂದು ಇದುವರೆಗೆ ಇಬ್ಬರಲ್ಲಿ ಒಬ್ಬರೂ ಕೇಳಿಲ್ಲ.